ಸರ್ವರ್ ನಿರ್ವಹಣಾ ತಂತ್ರಾಂಶ: ಉದ್ಯಮಿಗಳು ತಿಳಿದಿರಬೇಕಾದ ಕೆಲವು ತೊಡಕುಗಳು

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಮತ್ತು ನೆಲಮಂಗಲ ತಾಲ್ಲೂಕುಗಳ ಸಣ್ಣ ಹಾಗೂ ಮಧ್ಯಮ ಉದ್ದಿಮೆಗಳಲ್ಲಿ ದಾಸ್ತಾನು, ಸಂಬಳ, ಜಿಎಸ್‌ಟಿ ಲೆಕ್ಕಗಳೆಲ್ಲವೂ ಕಚೇರಿಯ ಮೂಲೆಯಲ್ಲಿರುವ ಒಂದೇ ಸರ್ವರನ್ನು ಅವಲಂಬಿಸಿರುವುದು ಸಾಮಾನ್ಯ. ಆ ಸರ್ವರಿನೊಳಗೆ ಮತ್ತೊಂದು ಪುಟ್ಟ ಗಣಕವಿರುವ ಸಂಗತಿ ಅನೇಕ ಮಾಲೀಕರಿಗೆ ತಿಳಿದಿರುವುದಿಲ್ಲ. ಎಚ್‌ಪಿ ಯಂತ್ರಗಳಲ್ಲಿ ಇದನ್ನು ‘ಐಲೋ’ ಎಂದೂ ಡೆಲ್ ಯಂತ್ರಗಳಲ್ಲಿ ‘ಐಡ್ರ್ಯಾಕ್’ ಎಂದೂ ಕರೆಯುತ್ತಾರೆ. ಸರ್ವರನ್ನು ಆರಿಸಿದ್ದರೂ ಪ್ಲಗ್ಗಿನಲ್ಲಿ ವಿದ್ಯುತ್ ಇರುವವರೆಗೆ ಈ ನಿರ್ವಹಣಾ ಗಣಕವು ಎಚ್ಚರವಾಗಿರುತ್ತದೆ. ಡಿಸ್ಕ್, ಫ್ಯಾನ್, ಪವರ್ ಸಪ್ಲೈ, ಉಷ್ಣಾಂಶ ಇವುಗಳ ಸ್ಥಿತಿಯನ್ನು ತನ್ನ ಲಾಗ್ ವಹಿಯಲ್ಲಿ ದಾಖಲಿಸುತ್ತದೆ.

ಲೆಕ್ಕಪರಿಶೋಧಕನಾದ ನನಗೆ ಈ ವಿಷಯದಲ್ಲಿ ಆಸಕ್ತಿ ಮೂಡಲು ಕಾರಣ ದೊಡ್ಡಬಳ್ಳಾಪುರದ ನನ್ನ ಕಕ್ಷಿದಾರರೊಬ್ಬರ ಉಡುಪು ಘಟಕ. ಅಲ್ಲಿನ ಸರ್ವರಿನಲ್ಲಿ ರೈಡ್-5 ಪದ್ಧತಿಯಂತೆ ಡಿಸ್ಕುಗಳನ್ನು ಜೋಡಿಸಲಾಗಿತ್ತು. ಒಂದು ಡಿಸ್ಕ್ ಕೆಟ್ಟರೆ ಕೆಲಸ ನಡೆಯುತ್ತದೆ, ಎರಡನೆಯದೂ ಕೆಟ್ಟರೆ ಮಾಹಿತಿಯೆಲ್ಲ ಹೋಗುತ್ತದೆ. ಎರಡನೆಯದು ಕೆಟ್ಟಿದ್ದು 3ಬಿ ರಿಟರ್ನ್ ಸಲ್ಲಿಸಬೇಕಾದ 20ನೇ ತಾರೀಖಿಗೆ ಎರಡು ದಿನ ಮುಂಚೆ. ಲಾಗ್ ತೆರೆದು ನೋಡಿದಾಗ ಮೊದಲ ಡಿಸ್ಕ್ ಐದು ವಾರಗಳ ಹಿಂದೆಯೇ ಕೆಟ್ಟಿದ್ದು ಕಂಡುಬಂದಿತು. ನಿರ್ವಹಣಾ ಗಣಕವು ಎಚ್ಚರಿಕೆಯ ಮಿಂಚಂಚೆಗಳನ್ನು ತಪ್ಪದೇ ಕಳುಹಿಸಿತ್ತು, ಆದರೆ ವರ್ಷದ ಹಿಂದೆ ಕೆಲಸ ಬಿಟ್ಟ ನೌಕರರ ವಿಳಾಸಕ್ಕೆ. ಯಂತ್ರದ ಮುಂಭಾಗದಲ್ಲಿ ಮಿನುಗುತ್ತಿದ್ದ ಹಳದಿ ದೀಪ ಬೀಗ ಹಾಕಿದ ಕೊಠಡಿಯೊಳಗಿತ್ತು.

ಲಭ್ಯವಿದ್ದ ಬ್ಯಾಕಪ್ ಹನ್ನೊಂದು ದಿನ ಹಳೆಯದು. ಖರೀದಿ ಬಿಲ್ಲುಗಳನ್ನು ಮತ್ತೆ ಕೈಯಿಂದ ನಮೂದಿಸಿ ರಿಟರ್ನ್ ಸಲ್ಲಿಸುವಾಗ ಮೂರು ದಿನ ತಡವಾಯಿತು. ವಿಳಂಬ ಶುಲ್ಕ ದಿನಕ್ಕೆ 50 ರೂಪಾಯಿಯಂತೆ ಕೇವಲ 150. ನಾಲ್ವರು ಸಿಬ್ಬಂದಿ ಹಗಲಿರುಳು ದುಡಿದದ್ದರ ಲೆಕ್ಕ ಯಾವ ವಹಿಯಲ್ಲಿಯೂ ಇಲ್ಲ. ಅದಕ್ಕಿಂತಲೂ ಗಂಭೀರವಾದ ಸಂಗತಿ ಇನ್ನೊಂದಿತ್ತು. ಆಗಸ್ಟ್ 2022ರ ತಿದ್ದುಪಡಿಯ ನಂತರ, ಕಂಪನಿಗಳು ವಿದ್ಯುನ್ಮಾನ ಲೆಕ್ಕಪುಸ್ತಕಗಳ ಬ್ಯಾಕಪ್ಪನ್ನು ಪ್ರತಿದಿನ ಭಾರತದಲ್ಲಿರುವ ಸರ್ವರಿನಲ್ಲಿ ಇಡತಕ್ಕದ್ದು. ಹಾಗೆ ಇಟ್ಟಿರಲಿಲ್ಲವೆಂದು ನನ್ನ ಪರಿಶೋಧನಾ ವರದಿಯಲ್ಲಿ ಬರೆಯಬೇಕಾಯಿತು. ಬಹುಕಾಲದ ಕಕ್ಷಿದಾರರ ವಿಷಯದಲ್ಲಿ ಹೀಗೆ ಬರೆಯುವುದು ಸಂತೋಷದ ಕೆಲಸವಲ್ಲ.

ಆದ್ದರಿಂದ ಮೊದಲ ಸೂಚನೆ: ಎಚ್ಚರಿಕೆಯ ಮಿಂಚಂಚೆ ಒಬ್ಬ ವ್ಯಕ್ತಿಯ ವಿಳಾಸಕ್ಕೆ ಹೋಗದೆ ಕಚೇರಿಯ ಸಾಮಾನ್ಯ ವಿಳಾಸಕ್ಕೆ ಹೋಗಲಿ. ಪರೀಕ್ಷಾರ್ಥ ಅಂಚೆ ಕಳುಹಿಸುವ ಸೌಲಭ್ಯವನ್ನು ಮೂರು ತಿಂಗಳಿಗೊಮ್ಮೆ ಬಳಸಿ ನೋಡಬೇಕು. ಐಲೋದಲ್ಲಿ ಈ ಅಂಚೆ ಸೌಲಭ್ಯಕ್ಕೆ ಪ್ರತ್ಯೇಕ ಪರವಾನಗಿ ಬೇಕು. ಡೆಲ್‌ನಲ್ಲಿ ದೂರದಿಂದ ಪರದೆ ನೋಡಲು ಎಂಟರ್‌ಪ್ರೈಸ್ ಪರವಾನಗಿ ಬೇಕು. ದರಪಟ್ಟಿಯಲ್ಲಿ ಇವನ್ನು ಸೇರಿಸಲಾಗಿದೆಯೇ ಎಂಬುದನ್ನು ಖರೀದಿ ಆದೇಶಕ್ಕೆ ಸಹಿ ಹಾಕುವ ಮುನ್ನವೇ ಕೇಳಿಕೊಳ್ಳುವುದು ಲೇಸು.

ಭಾನುವಾರ ಮೇನ್ ಸ್ವಿಚ್ ಆರಿಸಿ ಹೋಗುವ ನಮ್ಮ ಪದ್ಧತಿಯಿಂದ ಈ ಪುಟ್ಟ ಗಣಕವೂ ಮಲಗಿಬಿಡುತ್ತದೆ. ಜೊತೆಗೆ ಮದರ್‌ಬೋರ್ಡಿನ ನಾಣ್ಯದಾಕಾರದ ಬ್ಯಾಟರಿಯೂ ಸವೆದಿದ್ದರೆ ಗಡಿಯಾರವೇ ಹಿಂದಕ್ಕೆ ಹೋಗಿ, ಲಾಗ್‌ನಲ್ಲಿ ಎಷ್ಟೋ ವರ್ಷಗಳ ಹಿಂದಿನ ದಿನಾಂಕ ಬೀಳುತ್ತದೆ. ಸಮಯವಲಯವನ್ನು ಹೊಂದಿಸದಿದ್ದರೆ ನಮೂದುಗಳು ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದಿರುತ್ತವೆ. ವಿಮಾ ಪರಿಹಾರ ಕೋರುವಾಗ ಇಂತಹ ದಾಖಲೆಯನ್ನು ಯಾರು ನಂಬಿಯಾರು? 28 ಏಪ್ರಿಲ್ 2022ರ ಸರ್ಟ್-ಇನ್ ನಿರ್ದೇಶನವೂ ಗಡಿಯಾರಗಳನ್ನು ಅಧಿಕೃತ ಕಾಲಸೇವೆಗೆ ಹೊಂದಿಸಿಡಬೇಕು, ಲಾಗ್‌ಗಳನ್ನು 180 ದಿನ ಉಳಿಸಬೇಕು, ಸೈಬರ್ ಘಟನೆಗಳನ್ನು ಆರು ಗಂಟೆಯೊಳಗೆ ವರದಿ ಮಾಡಬೇಕು ಎನ್ನುತ್ತದೆ. ಸಣ್ಣ ಮತ್ತು ಮಧ್ಯಮ ಉದ್ದಿಮೆಗಳಿಗೆ ನೀಡಿದ್ದ ಕಾಲಾವಕಾಶ ಸೆಪ್ಟೆಂಬರ್ 2022ರಲ್ಲಿಯೇ ಮುಗಿದಿದೆ.

ಡಿಸ್ಕುಗಳ ಚಾಲನಾ ಅವಧಿಯನ್ನೂ ಗಮನಿಸುತ್ತಿರಬೇಕು. ನವೆಂಬರ್ 2019ರಲ್ಲಿ ಎಚ್‌ಪಿಇ ಸಂಸ್ಥೆ ಹೊರಡಿಸಿದ ಪ್ರಕಟಣೆಯಂತೆ, ಅದರ ಕೆಲವು ಎಸ್‌ಎಸ್‌ಡಿಗಳು ಫರ್ಮ್‌ವೇರ್ ದೋಷದಿಂದಾಗಿ 32,768 ಗಂಟೆಗಳ, ಅಂದರೆ ಸುಮಾರು ಮೂರು ಮುಕ್ಕಾಲು ವರ್ಷಗಳ, ಚಾಲನೆಯ ನಂತರ ಏಕಾಏಕಿ ನಿಲ್ಲುತ್ತಿದ್ದವು. ಒಂದೇ ದಿನ ಅಳವಡಿಸಿದ ಡಿಸ್ಕುಗಳು ಹೆಚ್ಚುಕಡಿಮೆ ಒಟ್ಟಿಗೇ ಕೆಡುವುದರಿಂದ ರೈಡ್ ಪದ್ಧತಿಯೂ ಕೈಹಿಡಿಯಲಾರದು. ಪರಿಹಾರ ಹೊಸ ಫರ್ಮ್‌ವೇರ್ ಮಾತ್ರ. ಅದನ್ನು ಅಳವಡಿಸುವ ಮುನ್ನ ಬ್ಯಾಕಪ್ ತೆಗೆಯಬೇಕು, ನಡುವೆ ವಿದ್ಯುತ್ ಹೋಗದಂತೆ ಯುಪಿಎಸ್ ನೋಡಿಕೊಳ್ಳಬೇಕು.

ಕೆಲವೊಮ್ಮೆ ನಿರ್ವಹಣಾ ಗಣಕವೇ ಸ್ತಬ್ಧವಾಗಿ ಲಾಗಿನ್ ಪುಟ ತೆರೆಯದು. ಆಗ ಸರ್ವರನ್ನು ಆರಿಸುವ ಅಗತ್ಯವಿಲ್ಲ. ಐಡ್ರ್ಯಾಕ್ ಇರುವ ಯಂತ್ರಗಳಲ್ಲಿ ಗುರುತಿನ ಗುಂಡಿಯನ್ನು ಹದಿನಾರು ಸೆಕೆಂಡು ಒತ್ತಿ ಹಿಡಿದರೆ ಅದೊಂದೇ ಮರುಚಾಲನೆಗೊಳ್ಳುತ್ತದೆ, ಬಿಲ್ಲಿಂಗ್ ನಿಲ್ಲುವುದಿಲ್ಲ.

ಕೊನೆಯದಾಗಿ ಸುರಕ್ಷತೆ. ಹಳೆಯ ಡೆಲ್ ಯಂತ್ರಗಳೊಂದಿಗೆ ಬರುತ್ತಿದ್ದ ‘ರೂಟ್’, ‘ಕ್ಯಾಲ್ವಿನ್’ ಎಂಬ ಹೆಸರು ಮತ್ತು ಗುಪ್ತಪದ ಜಗತ್ತಿಗೇ ತಿಳಿದಿವೆ. 2017ರಲ್ಲಿ ಬೆಳಕಿಗೆ ಬಂದ ಐಲೋ-4ರ ದೋಷದಲ್ಲಿ ಗುಪ್ತಪದವೇ ಇಲ್ಲದೆ ಒಳನುಗ್ಗಬಹುದಾಗಿತ್ತು. 2.53ಕ್ಕಿಂತ ಹಿಂದಿನ ಆವೃತ್ತಿ ಇದ್ದಲ್ಲಿ ಕೂಡಲೇ ನವೀಕರಿಸಬೇಕು. ಸೇವಾದಾರರು ತಮ್ಮ ಅನುಕೂಲಕ್ಕಾಗಿ ಈ ಪೋರ್ಟನ್ನು ನೇರವಾಗಿ ಅಂತರಜಾಲಕ್ಕೆ ತೆರೆದಿಡುವುದುಂಟು, ಇದಕ್ಕೆ ಅವಕಾಶ ಕೊಡಬಾರದು. ಹೊರಗಿನಿಂದ ಪ್ರವೇಶ ಅನಿವಾರ್ಯವಾದರೆ ವಿಪಿಎನ್ ಮೂಲಕವೇ ಆಗಲಿ. ಹಳೆಯ ಸರ್ವರನ್ನು ಮಾರುವಾಗ ಡಿಸ್ಕುಗಳನ್ನು ತೆಗೆದರೂ ಕಂಪನಿಯ ಅಂಚೆ ವಿಳಾಸ, ಗುಪ್ತಪದಗಳು ಈ ಪುಟ್ಟ ಗಣಕದಲ್ಲಿ ಉಳಿದಿರುತ್ತವೆ. ಸ್ಥಿರಾಸ್ತಿ ವಹಿಯಿಂದ ಯಂತ್ರದ ಹೆಸರನ್ನು ತೆಗೆಯುವ ದಿನವೇ ಅದನ್ನು ಕಾರ್ಖಾನೆಯ ಮೂಲಸ್ಥಿತಿಗೆ ಮರಳಿಸಿದ ಬಗ್ಗೆ ಸೇವಾದಾರರಿಂದ ಲಿಖಿತವಾಗಿ ಪಡೆದು ಕಡತದಲ್ಲಿ ಇಡತಕ್ಕದ್ದು.