ಮಕ್ಕಳ ನಿದ್ದೆಯೂ ಮೊಬೈಲೂ



2020ರಲ್ಲಿ ಶಾಲೆಗಳು ಮುಚ್ಚಿದಾಗ ಪಾಠಕ್ಕೆಂದು ಮಕ್ಕಳ ಕೈಗೆ ಮೊಬೈಲ್ ಕೊಟ್ಟವರು ಹಿರಿಯರಾದ ನಾವೇ. ಶಾಲೆ ತೆರೆದರೂ ಅದು ಅವರ ಕೈಯಲ್ಲೇ ಉಳಿಯಿತು. ಈಗ, "ಬೆಳಿಗ್ಗೆ ಎಬ್ಬಿಸಿದರೆ ಏಳುವುದಿಲ್ಲ, ಮಾತನಾಡಿಸಿದರೆ ಸಿಡುಕುತ್ತಾರೆ" ಎಂದು ತಾಯಂದಿರು ನಮ್ಮಲ್ಲಿ ಹೇಳಿಕೊಳ್ಳುತ್ತಾರೆ.

ಇದು ಬರೇ ಸೋಮಾರಿತನವಲ್ಲ. 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ಕತ್ತಲಾದಾಗ ಮೆದುಳಿನಲ್ಲಿ ಹುಟ್ಟುವ ಮೆಲಟೋನಿನ್ ಎಂಬ ಹಾರ್ಮೋನ್ ನಿದ್ದೆ ಬರಿಸಲು ನೆರವಾಗುತ್ತದೆ. ಹದಿಹರೆಯದಲ್ಲಿ ಅದು ಸಹಜವಾಗಿಯೇ ತಡವಾಗಿ ಹುಟ್ಟುತ್ತದೆ. ಮೊಬೈಲಿನ ಬೆಳಕು ಇನ್ನಷ್ಟು ತಡಮಾಡುತ್ತದೆ. ನಿದ್ದೆಗೆಟ್ಟ ಮಗುವಿಗೆ ಪಾಠ ತಲೆಗೆ ಹತ್ತದು, ಸಿಟ್ಟು ಬೇಗ ಬರುತ್ತದೆ.

ನಮ್ಮ ಕಾಸರಗೋಡಿನ ಕೃಷಿಕರಿಗೆ ಗೊತ್ತು: ಅಡಿಕೆಗೆ ನೀರು ಬೇಕು, ಆದರೆ ಬುಡದಲ್ಲಿ ನಿಂತರೆ ಬೇರು ಕೊಳೆಯುತ್ತದೆ. ಹಾಗೆಂದು ನೀರನ್ನೇ ನಿಲ್ಲಿಸುವುದಿಲ್ಲ, ಕಣಿ ಬಿಡಿಸುತ್ತೇವೆ. ಮೊಬೈಲನ್ನೂ ಬೈದು ಕಸಿದುಕೊಳ್ಳದೆ ಹೊತ್ತು ಗೊತ್ತುಮಾಡಿ. ಮಲಗುವ ಒಂದು ಗಂಟೆ ಮೊದಲು ಮನೆಯ ಎಲ್ಲ ಮೊಬೈಲುಗಳನ್ನೂ ಚಾವಡಿಯಲ್ಲಿಡಿ, ಮೊದಲು ನಿಮ್ಮದು. ಬೆಳಿಗ್ಗೆ ಏಳಲು ಅಲಾರಂ ಗಡಿಯಾರ ಸಾಕು. ರಾತ್ರಿಯೂಟಕ್ಕೆ ಒಟ್ಟಿಗೆ ಕುಳಿತು ಮಾತನಾಡಿ.

ಇಷ್ಟಾದರೂ ಮಗು ಮಂಕಾಗಿ, ಯಾರೊಂದಿಗೂ ಬೆರೆಯದೆ ಇದ್ದರೆ ಟೆಲಿ ಮಾನಸ್ 14416ಕ್ಕೆ ಕರೆಮಾಡಿ. 2022ರಲ್ಲಿ ಆರಂಭವಾದ ಈ ಸರಕಾರಿ ಸೇವೆ ಉಚಿತ. ಸಹಾಯ ಕೇಳಲು ನಾಚಿಕೆ ಬೇಡ.