ಕಾಫಿಯನ್ನು ಕೊಳ್ಳುವವರು ಕೇಳುವ ಹೊಸ ಪ್ರಶ್ನೆಗಳು

ಬೀಜದ ಗಾತ್ರ, ಬಣ್ಣ, ತೇವಾಂಶ ಮತ್ತು ಬಟ್ಟಲಿನ ರುಚಿ, ಇವುಗಳನ್ನು ನೋಡಿ ಕಾಫಿಯ ಕ್ರಯವು ನಿಶ್ಚಯವಾಗುವುದೆಂಬುದು ತೋಟಗಾರರೆಲ್ಲರಿಗೂ ವಿದಿತವಾದ ವಿಷಯ. ಈಚಿನ ವರ್ಷಗಳಲ್ಲಿ ಇವುಗಳೊಡನೆ ಮತ್ತೊಂದು ಪರೀಕ್ಷೆಯು ಸೇರಿದೆ. ಬೀಜವು ಯಾವ ಭೂಮಿಯಲ್ಲಿ ಬೆಳೆಯಿತು, ಆ ಭೂಮಿಗಾಗಿ ಕಾಡನ್ನು ಕಡಿದರೇ, ಹಣ್ಣು ಕೊಯ್ದವರಿಗೆ ಸಲ್ಲತಕ್ಕ ಕೂಲಿಯು ಸಂದಿತೇ ಎಂದು ದೂರದೇಶದ ಖರೀದಿದಾರರು ವಿಚಾರಿಸತೊಡಗಿದ್ದಾರೆ. ಭಾರತದ ಕಾಫಿಯಲ್ಲಿ ನೂರಕ್ಕೆ ಸುಮಾರು 70 ಭಾಗವು ಕರ್ನಾಟಕದ್ದು. ದೇಶದ ಬೆಳೆಯಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗವು ಹೊರದೇಶಗಳಿಗೆ ಹೋಗುವುದಾಗಿ, ಇಟಲಿ, ಜರ್ಮನಿ ಮೊದಲಾದ ಯೂರೋಪಿನ ದೇಶಗಳೇ ಮುಖ್ಯ ಗಿರಾಕಿಗಳಾಗಿವೆ. ಆದಕಾರಣ ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳ ಗ್ರಾಮ ಮುಖಂಡರೂ ಜಮೀನುದಾರರೂ ಈ ವಿಚಾರವನ್ನು ಚೆನ್ನಾಗಿ ತಿಳಿದಿರುವುದು ಅವಶ್ಯಕ.

ಈ ವಿಚಾರಣೆಗೆ ಕಾರಣವೇನೆಂದರೆ, 1990ರಿಂದ 2020ರ ವರೆಗೆ ಪ್ರಪಂಚದಲ್ಲಿ 42 ಕೋಟಿ ಹೆಕ್ಟೇರು ಅರಣ್ಯವು ಬೇರೆ ಉಪಯೋಗಗಳಿಗಾಗಿ ನಾಶವಾಯಿತೆಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು ಅಂದಾಜು ಮಾಡಿದೆ. ಇದರಲ್ಲಿ ಬಹುಪಾಲು ಬೇಸಾಯಕ್ಕಾಗಿಯೇ ಕಡಿದದ್ದು. ಪದಾರ್ಥವನ್ನು ಕೊಳ್ಳುವವರೂ ಈ ನಾಶಕ್ಕೆ ಹೊಣೆಗಾರರೆಂಬ ಭಾವನೆಯಿಂದ ಯೂರೋಪಿನ ಒಕ್ಕೂಟವು 2023ರಲ್ಲಿ ಒಂದು ಕಾನೂನನ್ನು ಮಾಡಿತು. ದನ, ಕೋಕೋ, ಕಾಫಿ, ತಾಳೆ ಎಣ್ಣೆ, ರಬ್ಬರು, ಸೋಯಾ, ಮರ ಎಂಬ ಏಳು ಸರಕುಗಳೂ ಅವುಗಳಿಂದಾದ ಹಲವು ಪದಾರ್ಥಗಳೂ ಇದಕ್ಕೆ ಒಳಪಟ್ಟಿವೆ. 2020ನೆಯ ಇಸವಿ ಡಿಸೆಂಬರ್ 31ರ ತರುವಾಯ ಅರಣ್ಯವನ್ನು ಕಡಿದು ಬೇಸಾಯಕ್ಕೆ ತಂದ ಭೂಮಿಯ ಉತ್ಪನ್ನವು ಅಲ್ಲಿನ ಮಾರುಕಟ್ಟೆಯನ್ನು ಪ್ರವೇಶಿಸಕೂಡದು. ಕಾನೂನು ಜಾರಿಗೆ ಬರುವ ದಿನವನ್ನು ಎರಡು ಸಲ ಮುಂದಕ್ಕೆ ಹಾಕಲಾಯಿತು. 2025ರ ಡಿಸೆಂಬರಿನ ತಿದ್ದುಪಡಿಯ ಮೇರೆಗೆ ದೊಡ್ಡ ಮತ್ತು ಮಧ್ಯಮ ವರ್ತಕರಿಗೆ 2026ರ ಡಿಸೆಂಬರ್ 30, ಸಣ್ಣ ವರ್ತಕರಿಗೆ 2027ರ ಜೂನ್ 30 ಎಂದು ಗೊತ್ತುಮಾಡಿದೆ.

ಕಾನೂನಿನ ಹೊಣೆಯು ಯೂರೋಪಿನ ಆಮದುಗಾರನ ಮೇಲಿದ್ದರೂ, ಅವನು ಅದನ್ನು ರಫ್ತುಗಾರನಲ್ಲಿಯೂ, ರಫ್ತುಗಾರನು ಕ್ಯೂರಿಂಗ್ ಕಾರ್ಖಾನೆಯಲ್ಲಿಯೂ, ಅಲ್ಲಿಂದ ಊರಿನ ವ್ಯಾಪಾರಿಯಲ್ಲಿಯೂ ಕೇಳುವನು. ಕಡೆಗೆ ಪ್ರಶ್ನೆಯು ತೋಟದ ಬೇಲಿಗೆ ಬಂದು ನಿಲ್ಲುವುದು. ನಾಲ್ಕು ಹೆಕ್ಟೇರಿಗೆ, ಎಂದರೆ ಸುಮಾರು ಹತ್ತು ಎಕರೆಗೆ ಮೀರಿದ ತೋಟವಾದರೆ ಅದರ ಎಲ್ಲೆಯನ್ನು ಸುತ್ತಲೂ ಗುರುತಿಸಿದ ನಕ್ಷೆಯು ಬೇಕು. ಅದಕ್ಕೆ ಕಡಿಮೆಯಾದರೆ ಅಕ್ಷಾಂಶ ರೇಖಾಂಶಗಳಿಂದ ಗುರುತಿಸಿದ ಒಂದು ಬಿಂದುವು ಸಾಕು. ಆದರೆ ಅಂಕಿಗಳನ್ನು ದಶಾಂಶದ ಆರನೆಯ ಸ್ಥಾನದ ವರೆಗೆ ಕೊಡಬೇಕು. 2025ರ ಮೇ ತಿಂಗಳಲ್ಲಿ ಒಕ್ಕೂಟವು ಭಾರತವನ್ನು ಅರಣ್ಯನಾಶದ ಅಪಾಯವು ಕಡಿಮೆಯಾಗಿರುವ ದೇಶಗಳ ಪಟ್ಟಿಯಲ್ಲಿ ಸೇರಿಸಿತು. ಇದರಿಂದ ಆಮದುಗಾರನ ವಿಚಾರಣೆಯು ಹಗುರವಾದರೂ, ಭೂಮಿಯ ಗುರುತನ್ನು ಕೊಡುವ ಕಟ್ಟಳೆಯು ತಪ್ಪುವುದಿಲ್ಲ.

ಇಲ್ಲಿ ಹಿಂದಿನ ಪದ್ಧತಿಗೂ ಇಂದಿನದಕ್ಕೂ ಇರುವ ಭೇದವನ್ನು ಗಮನಿಸತಕ್ಕದ್ದು. ಕಾಫಿ ಮಂಡಳಿಯ ಒಟ್ಟು ದಾಸ್ತಾನಿನ ಪದ್ಧತಿಯು ನಡೆಯುತ್ತಿದ್ದಾಗ ಎಲ್ಲರ ಕಾಫಿಯೂ ಒಂದೆಡೆ ಸೇರುತ್ತಿತ್ತು. ಮಾಲನ್ನು ಒಪ್ಪಿಸಿದೊಡನೆ ತೋಟಗಾರನ ಹೊಣೆ ತೀರುತ್ತಿತ್ತು. 1996ರಲ್ಲಿ ಮಾರಾಟವು ಪೂರ್ಣವಾಗಿ ಮುಕ್ತವಾಯಿತು. ಆದರೂ ಹತ್ತು ಮಂದಿಯ ಚೀಲಗಳನ್ನು ಒಂದೇ ರಾಶಿಗೆ ಸುರಿಯುವ ವಾಡಿಕೆಯು ಊರಿನ ವ್ಯಾಪಾರದಲ್ಲಿ ಉಳಿದಿದೆ. ಹೊಸ ಕಾನೂನಿನ ಪ್ರಕಾರ ಮೂಲವು ತಿಳಿಯದ ಒಂದು ಚೀಲವು ರಾಶಿಯಲ್ಲಿ ಬೆರೆತರೆ, ಅದನ್ನು ಬೇರ್ಪಡಿಸಲಾಗದಿದ್ದಲ್ಲಿ, ಇಡೀ ರಾಶಿಯು ಆ ಮಾರುಕಟ್ಟೆಗೆ ಅಯೋಗ್ಯವಾಗುವುದು.

ನಮ್ಮ ಮಲೆನಾಡಿನ ಕಾಫಿಯು ನೆರಳಿನ ಬೆಳೆ. ಮೇಲೆ ಹಾಲವಾಣ, ಅತ್ತಿ, ನೇರಳೆ ಮೊದಲಾದ ಮರಗಳೂ, ಅವುಗಳ ಕಾಂಡಕ್ಕೆ ಹಬ್ಬಿದ ಮೆಣಸಿನ ಬಳ್ಳಿಯೂ, ಕೆಳಗೆ ಕಾಫಿಯ ಗಿಡಗಳೂ ಇರುವ ಈ ತೋಟವು ಮಣ್ಣನ್ನೂ ನೀರನ್ನೂ ಹಕ್ಕಿಗಳನ್ನೂ ಕಾಪಾಡುತ್ತದೆ. ಇಂಥ ಮರ ಬೆರೆತ ಬೇಸಾಯದ ಭೂಮಿಯನ್ನು ಕಾನೂನು ಅರಣ್ಯವೆಂದು ಎಣಿಸುವುದಿಲ್ಲ. ಆದರೆ ಆಕಾಶದಿಂದ ತೆಗೆದ ಉಪಗ್ರಹ ಚಿತ್ರದಲ್ಲಿ ದಟ್ಟವಾದ ತೋಟವೂ ಕಾಡೂ ಒಂದೇ ತೆರನಾಗಿ ತೋರಬಹುದು. ಹಳೆಯ ತೋಟದಲ್ಲಿ ನೆರಳನ್ನು ತೆಳುಮಾಡಿದ್ದನ್ನು ನೋಡಿ, ಕಾಡನ್ನೇ ಕಡಿದರೆಂದು ದೂರದಲ್ಲಿರುವವರು ಭ್ರಮಿಸುವುದುಂಟು. ಆ ಭ್ರಮೆಯನ್ನು ನಿವಾರಿಸತಕ್ಕದ್ದು ತೋಟಗಾರನ ಹಳೆಯ ದಾಖಲೆಯೇ. ಒಳ್ಳೆಯ ತೋಟವಿದ್ದು ಕಾಗದವಿಲ್ಲದವನು, ಕಾಡು ಕಡಿದವನ ಸಾಲಿನಲ್ಲಿ ನಿಲ್ಲುವ ಅಪಾಯವಿದೆ. ಸಣ್ಣ ಬೆಳೆಗಾರರಿಗೆ ಇದೇ ಮುಖ್ಯವಾದ ಭಯ.

ಕಾಡಿನ ಸಂಗತಿಯೊಂದೇ ಅಲ್ಲದೆ, ಉತ್ಪನ್ನವು ಬೆಳೆದ ದೇಶದ ಕಾನೂನುಗಳಿಗೆ ಅನುಸಾರವಾಗಿ ಬಂದದ್ದೆಂಬುದೂ ಸಿದ್ಧಪಡಬೇಕು. ಭೂಮಿಯ ಹಕ್ಕು, ಪರಿಸರ ರಕ್ಷಣೆ, ಕಾರ್ಮಿಕರ ಹಕ್ಕು ಇವೆಲ್ಲವೂ ಇದರಲ್ಲಿ ಅಡಕವಾಗಿವೆ. ಹದಿನಾಲ್ಕು ವರ್ಷ ತುಂಬದ ಮಕ್ಕಳನ್ನು ಕೂಲಿಗೆ ಇಟ್ಟುಕೊಳ್ಳುವುದು, ಒಂದೇ ಕೆಲಸಕ್ಕೆ ಗಂಡಸಿಗೆ ಒಂದು ಹೆಂಗಸಿಗೆ ಇನ್ನೊಂದು ಕೂಲಿ ಕೊಡುವುದು ನಮ್ಮ ದೇಶದ ಕಾನೂನಿಗೇ ವಿರೋಧವಾದವು. ಲೈನುಮನೆಯಲ್ಲಿ ಶುದ್ಧವಾದ ನೀರು, ಶೌಚಗೃಹ, ಔಷಧವನ್ನು ಸಿಂಪಡಿಸುವವರಿಗೆ ಕೈಚೀಲ ಮುಖಕವಚಗಳು ಇರಬೇಕು. ಪಲ್ಪರಿನಿಂದ ಹೊರಟ ಕೊಳೆನೀರು ಹಳ್ಳಕ್ಕೆ ಸೇರಕೂಡದು. ಕೊಳ್ಳುವವನು ಕೇಳದಿದ್ದರೂ ಇವು ಯಜಮಾನನ ಧರ್ಮವೇ ಸರಿ.

ಈ ಕೆಳಗಿನ ಕ್ರಮಗಳನ್ನು ಕೂಡಲೇ ಕೈಕೊಳ್ಳುವುದು ಹಿತಕರ:

1. ಪಹಣಿಯಲ್ಲಿ ಗತಿಸಿದ ಹಿರಿಯರ ಹೆಸರೇ ಉಳಿದಿದ್ದರೆ ಖಾತೆಯನ್ನು ಸರಿಪಡಿಸಿಕೊಳ್ಳುವುದು. ಸರ್ವೆ ನಂಬರು, ವಿಸ್ತೀರ್ಣ, ಬೆಳೆಯ ಹೆಸರು ಸರಿಯಾಗಿವೆಯೇ ಎಂದು ನೋಡುವುದು.

2. ತೋಟದ ಎಲ್ಲೆಯನ್ನು ಗುರುತಿಸಿ ಕಾಫಿ ಮಂಡಳಿಯ ಕಚೇರಿಯಲ್ಲಿ ವಿಚಾರಿಸಿ ನೋಂದಣಿ ಮಾಡಿಸುವುದು.

3. 2020ಕ್ಕೆ ಹಿಂದಿನ ಮಾರಾಟದ ಚೀಟಿ, ಸಾಲದ ಪತ್ರ, ತೆರಿಗೆಯ ರಶೀದಿಗಳನ್ನು ಜೋಪಾನವಾಗಿಡುವುದು. ಇವು ತೋಟವು ಹಳೆಯದೆಂಬುದಕ್ಕೆ ಸಾಕ್ಷಿ.

4. ಕೊಯ್ಲಿನ ದಿನ, ಚೀಲಗಳ ಸಂಖ್ಯೆ, ಕೊಂಡವನ ಹೆಸರು, ಕೊಟ್ಟ ಕೂಲಿ ಇವನ್ನು ಒಂದು ಪುಸ್ತಕದಲ್ಲಿ ಬರೆದು, ಆ ಪುಸ್ತಕವನ್ನು ಐದು ವರ್ಷವಾದರೂ ಉಳಿಸುವುದು.

5. ಪರರ ಮಾಲನ್ನು ತನ್ನ ಹೆಸರಿನಲ್ಲಿ ಮಾರದಿರುವುದು.

ಎರಡು ಮೂರು ಎಕರೆಯ ಬೆಳೆಗಾರನು ಇವೆಲ್ಲವನ್ನೂ ಒಬ್ಬನೇ ಮಾಡುವುದು ಕಷ್ಟ. ಗ್ರಾಮದ ಮುಖಂಡರು ಹತ್ತಿಪ್ಪತ್ತು ಮಂದಿಯನ್ನು ಒಂದು ಸಂಘವಾಗಿ ಕೂಡಿಸಿ, ಓದುಬರಹ ಬಲ್ಲ ಯುವಕರಿಂದ ನಕ್ಷೆ ಮತ್ತು ಲೆಕ್ಕಗಳನ್ನು ಬರೆಯಿಸಿದರೆ ವೆಚ್ಚವು ಹಂಚಿಹೋಗುವುದು. ದೊಡ್ಡ ತೋಟದವರು ನೆರೆಯವರ ದಾಖಲೆಗೆ ನೆರವಾದರೆ ಅದು ಪರೋಪಕಾರವೂ ಹೌದು, ಸ್ವಹಿತವೂ ಹೌದು; ಏಕೆಂದರೆ ಕ್ಯೂರಿಂಗ್ ಕಾರ್ಖಾನೆಯಲ್ಲಿ ಇಬ್ಬರ ಕಾಫಿಯೂ ಒಂದೇ ಕಣಕ್ಕೆ ಬರುವುದು.

ಕೊಳ್ಳುವವರಿಗೂ ಒಂದು ಮಾತು ಸಲ್ಲುತ್ತದೆ. ಹೊಣೆಗಾರಿಕೆಯೆಂಬುದು ಪ್ರಶ್ನೆಪತ್ರವನ್ನು ಕಳುಹಿಸುವುದರಿಂದ ಮುಗಿಯದು. ನಕ್ಷೆ, ಲೆಕ್ಕ, ಒಳ್ಳೆಯ ಲೈನುಮನೆ ಇವುಗಳಿಗೆ ತಗಲುವ ಖರ್ಚು ಕ್ರಯದಲ್ಲಿಯೂ ಕಾಣಬೇಕು. ಇದನ್ನು ವ್ಯಾಪಾರಿಯಲ್ಲಿ ಕೇಳುವ ಅಧಿಕಾರವು ದಾಖಲೆಯುಳ್ಳ ಸಂಘಕ್ಕೆ ಇರುವಷ್ಟು ಒಬ್ಬಂಟಿಯಾದ ಬೆಳೆಗಾರನಿಗೆ ಇರುವುದಿಲ್ಲ. ಆದುದರಿಂದ ಬರುವ ಕೊಯ್ಲಿಗೆ ಮುಂಚೆಯೇ ಊರೂರಿನಲ್ಲಿ ಈ ವಿಷಯವನ್ನು ಸಭೆ ಸೇರಿ ಚರ್ಚಿಸಬೇಕೆಂದು ಗ್ರಾಮ ಮುಖಂಡರನ್ನು ಕೋರಲಾಗಿದೆ.