ಹಳೆಯ ಗ್ಯಾಸ್ ಒಲೆ: ಮನೆಯಲ್ಲಿ ಮಾಡಬಹುದಾದ ರಿಪೇರಿ, ಮುಟ್ಟಬಾರದ ಭಾಗ

ನೀಲಿಯಾಗಿ ಉರಿಯುತ್ತಿದ್ದ ಒಲೆಯ ಜ್ವಾಲೆ ಹಳದಿಗೆ ತಿರುಗಿದೆ, ಪಾತ್ರೆಯ ತಳಕ್ಕೆ ಮಸಿ ಹತ್ತುತ್ತಿದೆ. ಇಂಥ ಸಂದರ್ಭದಲ್ಲಿ ಗೃಹಿಣಿಯರು ಮೊದಲು ದೂರುವುದು ಸಿಲಿಂಡರನ್ನು. ‘ಈ ಸಲ ಬಂದ ಗ್ಯಾಸೇ ಸರಿಯಿಲ್ಲ’ ಎನ್ನುವುದು ಸಾಮಾನ್ಯ ಮಾತು. ಆದರೆ ದೋಷವಿರುವುದು ಹೆಚ್ಚಾಗಿ ಒಲೆಯಲ್ಲೇ.

ರೆಗ್ಯುಲೇಟರ್ ದಾಟಿ ಬರುವ ಅನಿಲವು ನಾಬ್‌ನ ಹಿಂದಿರುವ ಹಿತ್ತಾಳೆಯ ಜೆಟ್‌ನಿಂದ ರಭಸವಾಗಿ ಚಿಮ್ಮುತ್ತದೆ. ಆ ರಭಸವೇ ಸುತ್ತಲಿನ ಗಾಳಿಯನ್ನು ಎಳೆದುಕೊಂಡು ಬರ್ನರ್‌ನ ಕೊಳವೆಯೊಳಗೆ ಬೆರೆಸುತ್ತದೆ. ಉಕ್ಕಿದ ಹಾಲು, ಸಾರಿನ ಜಿಡ್ಡು, ಕೆಲವೊಮ್ಮೆ ಸತ್ತ ಜಿರಳೆ ಆ ಕೊಳವೆಯಲ್ಲಿ ಸೇರಿಕೊಂಡರೆ ಗಾಳಿ ಸಾಲುವುದಿಲ್ಲ. ಆಗ ಮಸಿಯ ಜೊತೆಗೆ ಕಾರ್ಬನ್ ಮಾನಾಕ್ಸೈಡ್ ಕೂಡ ಉತ್ಪತ್ತಿಯಾಗುತ್ತದೆ. ಬಣ್ಣವಾಗಲೀ ವಾಸನೆಯಾಗಲೀ ಇಲ್ಲದ ಈ ಅನಿಲ, ಕಿಟಕಿ ಮುಚ್ಚಿದ ಸಣ್ಣ ಅಡುಗೆಮನೆಯಲ್ಲಿ ಪ್ರಾಣಕ್ಕೇ ಎರವಾಗಬಹುದು.

ಬರ್ನರ್ ಶುಚಿಗೊಳಿಸುವ ಕೆಲಸವನ್ನು ಯಾರು ಬೇಕಾದರೂ ಮಾಡಬಹುದು. ರೆಗ್ಯುಲೇಟರ್ ಬಂದ್ ಮಾಡಿ, ಒಲೆ ಪೂರ್ತಿ ಆರಿದ ನಂತರ ಬರ್ನರ್ ತೆಗೆಯಬೇಕು. ಹಿತ್ತಾಳೆಯದಾದರೆ ಹುಣಸೆಹಣ್ಣು, ಉಪ್ಪು ಬೆರೆಸಿದ ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ ಉಜ್ಜಿದರೆ ಸಾಕು. ರಂಧ್ರಗಳನ್ನು ಸೂಜಿಯಿಂದ ಬಿಡಿಸಿ, ಕೊಳವೆಯನ್ನು ಸಣ್ಣ ಬ್ರಷ್‌ನಿಂದ ತಿಕ್ಕಿ, ತೇವವಿಲ್ಲದಂತೆ ಒಣಗಿಸಿಯೇ ಮರಳಿ ಕೂರಿಸಬೇಕು.

ಆದರೆ ಅದೇ ಸೂಜಿಯನ್ನು ಜೆಟ್‌ಗೆ ತೂರಿಸಕೂಡದು. ಜೆಟ್‌ನ ರಂಧ್ರ ಒಂದು ಮಿಲಿಮೀಟರ್‌ಗೂ ಕಿರಿದು. ಹಿತ್ತಾಳೆ ಮೆದು ಲೋಹ. ಒಮ್ಮೆ ರಂಧ್ರ ಹಿಗ್ಗಿದರೆ ಹೆಚ್ಚು ಅನಿಲ ನುಗ್ಗಿ ಜ್ವಾಲೆ ಮತ್ತೆ ಹಳದಿಯಾಗುತ್ತದೆ, ಸಿಲಿಂಡರ್ ಬೇಗ ಮುಗಿಯುತ್ತದೆ. ಕೆಟ್ಟ ಜೆಟ್‌ಗೆ ಅದೇ ಅಳತೆಯ ಹೊಸ ಜೆಟ್ ಹಾಕಿಸುವುದೊಂದೇ ಪರಿಹಾರ.

ಇನ್ನು ಬಿಗಿಯಾದ ನಾಬ್‌ಗೆ ಕೊಬ್ಬರಿ ಎಣ್ಣೆ ಬಿಡುವುದು ನಮ್ಮಲ್ಲಿ ಮನೆಮಾತಾದ ಉಪಾಯ. ಈ ವರದಿಗಾರನ ಮನೆಯಲ್ಲೂ ವರ್ಷಗಟ್ಟಲೆ ನಡೆದದ್ದು ಇದೇ. ನಾಬ್‌ನ ಹಿಂದಿರುವ ಕಾಕ್‌ನಲ್ಲಿ ಶಂಕುವಿನಾಕಾರದ ಹಿತ್ತಾಳೆಯ ತಿರುಗಣಿಯೊಂದಿದೆ. ಅದರ ಸುತ್ತಲಿನ ತೆಳುವಾದ ಗ್ರೀಸ್ ಪದರವು ತಿರುಗಣಿ ಸಲೀಸಾಗಿ ತಿರುಗಲು ನೆರವಾಗುವುದಲ್ಲದೆ ಅನಿಲ ಹೊರಗೆ ನುಸುಳದಂತೆಯೂ ತಡೆಯುತ್ತದೆ. ಎಣ್ಣೆ ಆ ಪದರವನ್ನು ಕರಗಿಸುತ್ತದೆ. ನಾಲ್ಕು ದಿನ ನಾಬ್ ಹಗುರವಾಗಿ ತಿರುಗಿದಂತೆ ಕಂಡರೂ, ಬಳಿಕ ಬಂದ್ ಮಾಡಿದ ಒಲೆಯಿಂದಲೇ ಅನಿಲ ಸೋರಬಹುದು. ಕಾಕ್ ಬಿಚ್ಚಿ, ಶಾಖ ತಡೆಯುವ ಗ್ರೀಸ್ ಹಚ್ಚುವ ಕೆಲಸವನ್ನು ವಿತರಕರ ಮೆಕ್ಯಾನಿಕ್‌ಗೇ ಬಿಡುವುದು ಲೇಸು.

ಒಲೆ ಎಷ್ಟೇ ಹಳೆಯದಿರಲಿ, ಅದರ ಟ್ಯೂಬ್ ಹಳೆಯದಾಗಿರಬಾರದು. ಐಎಸ್ಐ ಗುರುತಿರುವ ಕಿತ್ತಳೆ ಬಣ್ಣದ ‘ಸುರಕ್ಷಾ’ ಟ್ಯೂಬನ್ನು ಐದು ವರ್ಷಕ್ಕೊಮ್ಮೆ ಬದಲಿಸಬೇಕು. ಬಿರುಕೋ ಇಲಿ ಕಡಿದ ಗುರುತೋ ಕಂಡರೆ ಅಂದೇ. ಅದರ ಉದ್ದ ಒಂದೂವರೆ ಮೀಟರ್ ಮೀರಕೂಡದು. ಹೊಸ ಟ್ಯೂಬ್ ಹಾಕಿದ ಮೇಲೆ ಎರಡೂ ತುದಿಗಳಿಗೆ ಸೋಪಿನ ನೀರು ಸವರಿ ನೋಡಬೇಕು. ಗುಳ್ಳೆ ಎದ್ದರೆ ಸೋರಿಕೆ ಇದೆಯೆಂದೇ ಅರ್ಥ. ಬೆಂಕಿಕಡ್ಡಿ ಗೀರಿ ಪರೀಕ್ಷಿಸುವವರು ಇಂದಿಗೂ ಇದ್ದಾರೆ ಎಂಬುದು ಆತಂಕದ ಸಂಗತಿ.

ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ಮೇಲೇರದೆ ನೆಲಮಟ್ಟದಲ್ಲಿ ಹರಡುತ್ತದೆ. ಗಾಳಿಯಲ್ಲಿ ಸುಮಾರು ಶೇ 2ರಷ್ಟು ಸೇರಿದರೂ ಕಿಡಿ ತಗುಲಿದೊಡನೆ ಹೊತ್ತಿಕೊಳ್ಳಬಲ್ಲದು. ಅದಕ್ಕೆ ತನ್ನದೇ ವಾಸನೆಯಿಲ್ಲದ ಕಾರಣ ಎಥೈಲ್ ಮರ್ಕಾಪ್ಟನ್ ಬೆರೆಸಲಾಗುತ್ತದೆ. ಆ ದುರ್ವಾಸನೆ ಮೂಗಿಗೆ ಬಡಿದರೆ ಲೈಟ್, ಎಕ್ಸಾಸ್ಟ್ ಫ್ಯಾನ್ ಯಾವ ಸ್ವಿಚ್ಚನ್ನೂ ಹಾಕಬಾರದು, ಆರಿಸಲೂಬಾರದು. ರೆಗ್ಯುಲೇಟರ್ ಬಂದ್ ಮಾಡಿ ತೆಗೆದು, ಸಿಲಿಂಡರ್‌ಗೆ ಸೇಫ್ಟಿ ಕ್ಯಾಪ್ ಹಾಕಿ, ಬಾಗಿಲು ಕಿಟಕಿ ತೆರೆದು, ಮನೆಯಿಂದ ಹೊರಬಂದು 1906ಕ್ಕೆ ಕರೆ ಮಾಡಬೇಕು. ಇದು ಅನಿಲ ಸೋರಿಕೆಗೆಂದೇ ಇರುವ ತುರ್ತು ಸಹಾಯವಾಣಿ.

ಬೆಂಗಳೂರಿನಂಥ ನಗರಗಳಲ್ಲಿ ಕೊಳವೆ ಅನಿಲದ ಸಂಪರ್ಕ ಪಡೆಯುತ್ತಿರುವವರು ಇನ್ನೊಂದನ್ನು ಗಮನಿಸಬೇಕು. ಆ ಅನಿಲಕ್ಕೆ ಹೆಚ್ಚು ಅಗಲದ ರಂಧ್ರವಿರುವ ಜೆಟ್ ಬೇಕಾಗುತ್ತದೆ. ಹಾಗೆ ಬದಲಿಸಿದ ಒಲೆಯನ್ನು ಮುಂದೆ ಊರಿಗೆ ಕೊಂಡೊಯ್ದು ಸಿಲಿಂಡರ್‌ಗೆ ಜೋಡಿಸುವುದಿದ್ದರೆ, ಮೊದಲು ಹಳೆಯ ಅಳತೆಯ ಜೆಟ್ ಹಾಕಿಸಿರಬೇಕು.